ಗಡಿನಾಡಿನ ಕನ್ನಡ ತರಗತಿಯಲ್ಲಿ ಡಿಜಿಟಲ್ ಸಾಧನಗಳು ಮತ್ತು ಮಾಧ್ಯಮ ಸಾಕ್ಷರತೆ

ಮಳೆಗಾಲದ ರಾತ್ರಿಗಳಲ್ಲಿ ಕಾಸರಗೋಡಿನ ಕನ್ನಡ ಮನೆಗಳ ಮೊಬೈಲಿಗೆ ‘ನಾಳೆ ಜಿಲ್ಲೆಯ ಎಲ್ಲ ಶಾಲೆಗಳಿಗೆ ರಜೆ’ ಎಂಬ ಸಂದೇಶ ಬರುವುದು ಅಪರೂಪದ ಸಂಗತಿಯಲ್ಲ. ಸಂದೇಶ ಶುದ್ಧ ಕನ್ನಡದಲ್ಲಿರುತ್ತದೆ, ಜಿಲ್ಲಾಧಿಕಾರಿಗಳ ಆದೇಶವೆಂಬ ಉಲ್ಲೇಖವಿರುತ್ತದೆ, ದಿನಾಂಕವೂ ಸರಿಯಾಗಿರುತ್ತದೆ. ಆದೇಶ ಹೊರಟಿರುವುದು ಮಾತ್ರ ಮಂಗಳೂರಿನಿಂದ. ದಕ್ಷಿಣ ಕನ್ನಡ ಜಿಲ್ಲೆಗೆ ಅನ್ವಯಿಸುವ ರಜೆಯನ್ನು ಮಂಜೇಶ್ವರದ ಮನೆಯವರು ತಮ್ಮದೆಂದು ತಿಳಿದರೆ ಮರುದಿನ ಮಗುವಿನ ಹಾಜರಿ ತಪ್ಪುತ್ತದೆ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ನಿಜವಾದ ಸುದ್ದಿಯೊಂದು ಗಡಿ ದಾಟಿ ಬಂದಾಗ ತಪ್ಪು ಮಾಹಿತಿಯಾಗಿದೆ, ಅಷ್ಟೆ.

ಮಾಧ್ಯಮ ಸಾಕ್ಷರತೆಯ ಬಗ್ಗೆ ಬರುವ ಕೈಪಿಡಿಗಳು ಹೆಚ್ಚಾಗಿ ಸುಳ್ಳು ಸುದ್ದಿಯನ್ನೇ ಕುರಿತು ಮಾತನಾಡುತ್ತವೆ. ಗಡಿನಾಡಿನ ಕನ್ನಡ ಮಾಧ್ಯಮದ ಮಗುವಿಗೆ ಅದಕ್ಕಿಂತ ಮೊದಲು ಎದುರಾಗುವುದು ಈ ಇನ್ನೊಂದು ಬಗೆಯ ತೊಡಕು. ಅಂತರ್ಜಾಲದಲ್ಲಿ ಕನ್ನಡ ಎಂದರೆ ಕರ್ನಾಟಕ ಎಂಬುದೇ ನಿಯಮ. ಕನ್ನಡದಲ್ಲಿ ‘ಎಸ್.ಎಸ್.ಎಲ್.ಸಿ. ವೇಳಾಪಟ್ಟಿ’ ಎಂದು ಹುಡುಕಿದರೆ ಬರುವುದು ಕರ್ನಾಟಕದ ವೇಳಾಪಟ್ಟಿ. ಕೇರಳದಲ್ಲಿಯೂ ತಮಿಳುನಾಡಿನಲ್ಲಿಯೂ ಹತ್ತನೇ ತರಗತಿಯ ಪರೀಕ್ಷೆಗೆ ಇದೇ ಹೆಸರಿರುವುದರಿಂದ ಗೊಂದಲ ಇಮ್ಮಡಿಯಾಗುತ್ತದೆ. ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆಗಳಲ್ಲಿ ಪರೀಕ್ಷೆಯ ಹೆಸರೇ ಬೇರೆಯಾದ ಕಾರಣ ಅಲ್ಲಿನ ಮಕ್ಕಳು ಈ ಒಂದು ಕಷ್ಟದಿಂದ ಪಾರಾಗಿದ್ದಾರೆ ಎನ್ನಬಹುದು. ವಿದ್ಯಾರ್ಥಿವೇತನದ ಅರ್ಜಿ, ಅಕ್ಟೋಬರಿನ ದಸರಾ ರಜೆ, ಪಠ್ಯಪುಸ್ತಕದ ಬದಲಾವಣೆ, ಮಾದರಿ ಪ್ರಶ್ನೆಪತ್ರಿಕೆ ಎಲ್ಲವೂ ಹೀಗೆಯೇ. ಆದುದರಿಂದ ನಮ್ಮ ತರಗತಿಗಳಲ್ಲಿ ‘ಇದು ನಿಜವೇ?’ ಎಂಬ ಪ್ರಶ್ನೆಯ ಜೊತೆಗೆ ‘ಇದು ಯಾವ ರಾಜ್ಯದ್ದು?’ ಎಂಬ ಪ್ರಶ್ನೆಯನ್ನೂ ಕಲಿಸಬೇಕಾಗಿದೆ. ಎರಡನೆಯದನ್ನು ಮೊದಲು ಕಲಿಸಿದರೂ ಅಡ್ಡಿಯಿಲ್ಲ.

ಈ ಬರಹದಲ್ಲಿ ನಾವು ಬಹುಮಟ್ಟಿಗೆ ಕಾಸರಗೋಡಿನ ವ್ಯವಸ್ಥೆಯನ್ನು ಆಧಾರವಾಗಿ ಇಟ್ಟುಕೊಂಡಿದ್ದೇವೆ. ಶಾಲೆಗಳಲ್ಲಿ ಗಣಕ ಸಾಧನಗಳ ಬಳಕೆ ಅಲ್ಲಿ ದೀರ್ಘಕಾಲದಿಂದ ನಡೆದುಬಂದಿದೆ, ಅದರ ಗುಣದೋಷಗಳೆರಡೂ ಕಣ್ಣಿಗೆ ಕಾಣುವಂತಿವೆ. ಇತರ ಗಡಿಪ್ರದೇಶಗಳ ಹೆತ್ತವರಿಗೆ ಉಪಯುಕ್ತವಾಗುವ ಸಂಗತಿಗಳನ್ನು ಅಲ್ಲಲ್ಲಿ ಸೇರಿಸಿದ್ದೇವೆ.

ಶಾಲೆಯಲ್ಲಿ ಈಗಾಗಲೇ ಇರುವುದು

ಕೇರಳದಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ 2001ರಲ್ಲಿ ಆರಂಭವಾಯಿತು. 2005ರ ಜುಲೈ 28ರಂದು ಅಂದಿನ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ವಿಕ್ಟರ್ಸ್ ಶೈಕ್ಷಣಿಕ ವಾಹಿನಿಯನ್ನು ಉದ್ಘಾಟಿಸಿದರು. 2017ರಲ್ಲಿ ಯೋಜನೆಯು ಸರ್ಕಾರಿ ಕಂಪನಿಯಾಗಿ ಮಾರ್ಪಟ್ಟು ‘ಕೈಟ್’ ಎಂಬ ಹೆಸರು ಪಡೆಯಿತು. 2018ರಲ್ಲಿ ಚಾಲನೆಗೊಂಡ ಹೈಟೆಕ್ ಶಾಲಾ ಯೋಜನೆಯು 8ರಿಂದ 12ನೇ ತರಗತಿಯವರೆಗಿನ 45,000 ಕೊಠಡಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಮತ್ತು ಇಂಟರ್ನೆಟ್ ಸಂಪರ್ಕ ಒದಗಿಸುವ ಗುರಿ ಇಟ್ಟುಕೊಂಡಿತ್ತು. ಅನುದಾನಿತ ಶಾಲೆಗಳೂ ಇದರಲ್ಲಿ ಸೇರಿದ್ದವು. ಅದೇ ವರ್ಷ ಪ್ರೌಢಶಾಲೆಗಳಲ್ಲಿ ‘ಲಿಟಲ್ ಕೈಟ್ಸ್’ ಘಟಕಗಳು ಆರಂಭವಾದವು. ಇವುಗಳಲ್ಲಿ ಮಕ್ಕಳೇ ಗಣಕಗಳ ಉಸ್ತುವಾರಿ, ಆನಿಮೇಷನ್, ಭಾಷಾ ಗಣಕ, ಕ್ಯಾಮೆರಾ ಕೆಲಸ ಮುಂತಾದುವನ್ನು ಕಲಿಯುತ್ತಾರೆ.

ಕೊರೋನಾ ಕಾಲದಲ್ಲಿ 2020ರ ಜೂನ್ 1ರಂದು ‘ಫಸ್ಟ್ ಬೆಲ್’ ತರಗತಿಗಳು ಆರಂಭವಾದಾಗ ಮಲಯಾಳದ ಜೊತೆಗೆ ಕನ್ನಡ ಮತ್ತು ತಮಿಳು ಮಾಧ್ಯಮದ ಪಾಠಗಳೂ ಪ್ರತ್ಯೇಕವಾಗಿ ತಯಾರಾದವು. ಕನ್ನಡ ಮಾಧ್ಯಮದ ಅಧ್ಯಾಪಕರೇ ಕ್ಯಾಮೆರಾದ ಮುಂದೆ ನಿಂತು, ಕೇರಳದ ಪಠ್ಯವನ್ನೇ ಆಧರಿಸಿ ಪಾಠ ಮಾಡಿದರು. ಆ ಪಾಠಗಳ ಗುಣಮಟ್ಟದಲ್ಲಿ ಏರುಪೇರಿರಬಹುದು. ಆದರೆ ನಮ್ಮ ಪಠ್ಯವನ್ನು, ನಮ್ಮ ಪಾಠಕ್ರಮದಲ್ಲಿ, ನಮ್ಮ ಊರಿನ ಉಚ್ಚಾರದಲ್ಲಿ ಹೇಳುವ ಧ್ವನಿ–ದೃಶ್ಯ ಸಾಮಗ್ರಿ ಬೇರೆ ಯಾರೂ ಮಾಡಿಕೊಡುವಂಥದಲ್ಲ. ಆ ಕಂತುಗಳನ್ನು ಶಾಲೆಯ ಗಣಕದಲ್ಲಿ ತರಗತಿವಾರು ಜೋಡಿಸಿ ಇಟ್ಟುಕೊಳ್ಳುವುದು ರಕ್ಷಕ–ಶಿಕ್ಷಕ ಸಂಘ ಮಾಡಿಸಬಹುದಾದ ಅತ್ಯಂತ ಅಗ್ಗದ, ಅತ್ಯಂತ ಉಪಯುಕ್ತ ಕೆಲಸವೆಂದು ನಾವು ಭಾವಿಸುತ್ತೇವೆ. ಪಠ್ಯಪುಸ್ತಕ ಬದಲಾದ ತರಗತಿಗಳಲ್ಲಿ ಹಳೆಯ ಕಂತನ್ನು ಹೊಸ ಅಧ್ಯಾಯಕ್ಕೆ ಹೊಂದಿಸಿಕೊಳ್ಳುವ ಕೆಲಸ ಅಧ್ಯಾಪಕರಿಗೆ ಉಳಿಯುತ್ತದೆ.

ಕೇರಳದ ಶಾಲೆಗಳ ಗಣಕಗಳು ನಡೆಯುವುದು ಲಿನಕ್ಸ್ ಆಧಾರಿತ ಮುಕ್ತ ತಂತ್ರಾಂಶದಲ್ಲಿ. ಪರವಾನಗಿ ಶುಲ್ಕವಿಲ್ಲ ಎಂಬುದು ಇದರ ಒಂದು ಲಾಭ. ಕನ್ನಡಿಗರಿಗೆ ಇನ್ನೊಂದು ಲಾಭವಿದೆ: ಮುಕ್ತ ತಂತ್ರಾಂಶದ ಪದಗಳನ್ನು ಯಾರು ಬೇಕಾದರೂ ತಮ್ಮ ಭಾಷೆಗೆ ತರಬಹುದು. ಪುಟ್ಟ ಮಕ್ಕಳ ಜಿಕಾಂಪ್ರಿ, ಚಿತ್ರ ಬಿಡಿಸುವ ಟಕ್ಸ್ ಪೇಂಟ್ ಮೊದಲಾದವು ಕನ್ನಡದಲ್ಲಿ ದೊರೆಯುವುದು ಹಾಗೆ ಸ್ವಯಂಸೇವಕರು ಅನುವಾದಿಸಿದ ಕಾರಣದಿಂದ. ಶಾಲೆಯ ಗಣಕ ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ತೆರೆದುಕೊಂಡರೆ ಅದು ಹಾಗೆಯೇ ಇರಬೇಕೆಂದಿಲ್ಲ. ಭಾಷೆಯ ಆಯ್ಕೆಯಲ್ಲಿ ಕನ್ನಡವಿದೆಯೇ ಎಂದು ನೋಡಿ ಬದಲಿಸಿಕೊಡಿರೆಂದು ಶಾಲೆಯ ಐಟಿ ಸಂಯೋಜಕರನ್ನು ಕೇಳಬಹುದು.

ಒಂದೇ ಪಾಠ, ಎರಡು ಪದ

ತರಗತಿಯ ತೆರೆಯ ಮೇಲೆ ಮಲಯಾಳ ವೀಡಿಯೊ ತೋರಿಸುವುದು ಕನ್ನಡ ಮಾಧ್ಯಮದಲ್ಲಿ ಸಾಮಾನ್ಯವಾಗುತ್ತಿದೆ. ಸಾಮಗ್ರಿ ಅದರಲ್ಲಿ ಹೇರಳವಾಗಿದೆ, ಮಕ್ಕಳಿಗೆ ಮಲಯಾಳ ಅರ್ಥವಾಗುತ್ತದೆ ಎಂಬುದೂ ನಿಜ. ಆದರೂ ಒಂದು ಸೂಕ್ಷ್ಮವಿದೆ. ಸಸ್ಯಗಳು ಬೆಳಕಿನಿಂದ ಆಹಾರ ತಯಾರಿಸುವ ಕ್ರಿಯೆಯನ್ನು ಕನ್ನಡದ ಮಗು ‘ದ್ಯುತಿಸಂಶ್ಲೇಷಣೆ’ ಎಂದು ಓದುತ್ತದೆ. ವೀಡಿಯೊ ‘ಪ್ರಕಾಶಸಂಶ್ಲೇಷಣ’ ಎನ್ನುತ್ತದೆ. ಜತ್ತದ ಮಗು ಮರಾಠಿಯಲ್ಲಿಯೂ ಇದೇ ಪದವನ್ನು ಕೇಳುತ್ತದೆ. ಹೊಸೂರಿನ ಮಗುವಿಗೆ ತಮಿಳಿನ ‘ಒಳಿಚ್ಚೇರ್ಕ್ಕೈ’, ಆದೋನಿಯ ಮಗುವಿಗೆ ತೆಲುಗಿನ ‘ಕಿರಣಜನ್ಯ ಸಂಯೋಗಕ್ರಿಯ’ ಎದುರಾಗುತ್ತದೆ. ಅರ್ಥ ಒಂದೇ ಎಂದು ಅಧ್ಯಾಪಕರು ಒಂದು ಮಾತು ಹೇಳದೆ ಮುಂದೆ ಹೋದರೆ, ಮಗು ಅದನ್ನು ಎರಡು ಬೇರೆ ಸಂಗತಿಗಳೆಂದು ಭಾವಿಸಬಹುದು. ಪರೀಕ್ಷೆಯಲ್ಲಿ ಕೇಳಿದ್ದನ್ನು ಬರೆದು ಓದಿದ್ದನ್ನು ಮರೆಯಬಹುದು.

ಇದಕ್ಕೆ ಪರಿಹಾರ ಸರಳವಾದುದು. ವೀಡಿಯೊದ ಧ್ವನಿಯನ್ನು ನಿಲ್ಲಿಸಿ, ಚಿತ್ರ ಓಡುತ್ತಿರುವಾಗ ಅಧ್ಯಾಪಕರು ಕನ್ನಡದಲ್ಲಿ ವಿವರಿಸುವುದು ಒಂದು ಕ್ರಮ. ಎರಡನೆಯ ಬಾರಿ ತೋರಿಸುವಾಗ ಮಕ್ಕಳಲ್ಲಿ ಒಬ್ಬರು ವಿವರಿಸಲಿ. ಅಲ್ಲಿಗೆ ಅದು ನೋಡುವ ಪಾಠ ಹೋಗಿ ಮಾತನಾಡುವ ಪಾಠವಾಗುತ್ತದೆ. ಗೋಡೆಯ ಮೇಲೆ ಎರಡು ಕಂಬಸಾಲಿನ ಪದಪಟ್ಟಿಯೊಂದನ್ನು, ಪುಸ್ತಕದ ಪದ ಒಂದು ಕಡೆ ತೆರೆಯ ಪದ ಇನ್ನೊಂದು ಕಡೆ, ಮಕ್ಕಳೇ ಬೆಳೆಸುತ್ತ ಹೋದರೆ ವರ್ಷಾಂತ್ಯಕ್ಕೆ ಅದೊಂದು ಕಿರುಕೋಶವೇ ಆಗುತ್ತದೆ.

ಯಂತ್ರಾನುವಾದದ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಗೂಗಲ್ ಅನುವಾದದಲ್ಲಿ ಕನ್ನಡ 2011ರಲ್ಲಿಯೂ ತುಳು 2024ರಲ್ಲಿಯೂ ಸೇರಿಕೊಂಡವು. ಮಲಯಾಳದ ಸುತ್ತೋಲೆಯ ತಿರುಳನ್ನು ತಿಳಿಯಲು ಇದು ಮನೆಮಂದಿಗೆ ದೊಡ್ಡ ನೆರವು. ಆದರೆ ನೆರೆಯ ಭಾಷೆಗಳಲ್ಲಿ ರೂಪ ಒಂದೇ ಆಗಿ ಅರ್ಥ ಬೇರೆಯಾದ ಪದಗಳು ಎಷ್ಟೋ ಇವೆ. ಕನ್ನಡದಲ್ಲಿ ‘ಅವಸರ’ ಎಂದರೆ ಆತುರ, ಮಲಯಾಳದಲ್ಲಿ ‘ಅವಸರಂ’ ಎಂದರೆ ಅವಕಾಶ, ತೆಲುಗಿನಲ್ಲಿ ‘ಅವಸರಂ’ ಎಂದರೆ ಅಗತ್ಯ. ಮಲಯಾಳದ ‘ಉಪನ್ಯಾಸಂ’ ನಮ್ಮ ಪ್ರಬಂಧ, ನಮ್ಮ ಉಪನ್ಯಾಸವಾದರೋ ಭಾಷಣ. ಮಲಯಾಳ ಸುತ್ತೋಲೆಯ ‘ಉಪನ್ಯಾಸ’ ಸ್ಪರ್ಧೆಗೆ ಮಗುವನ್ನು ಭಾಷಣಕ್ಕೆ ಸಿದ್ಧಗೊಳಿಸಿದರೆ ಅದು ಬರಿಗೈಯಲ್ಲಿ, ಪೆನ್ನಿಲ್ಲದೆ ಹೋಗುತ್ತದೆ! ಈಗಿನ ಯಂತ್ರಗಳು ಇಂಥ ಪದಗಳನ್ನು ವಾಕ್ಯದ ಸಂದರ್ಭ ನೋಡಿ ಹೆಚ್ಚಾಗಿ ಸರಿಯಾಗಿಯೇ ತರುತ್ತವೆ. ತಪ್ಪಿದಾಗ ಮಾತ್ರ ತಪ್ಪಿದ ಸುಳಿವು ಸಿಗುವುದಿಲ್ಲ, ವಾಕ್ಯ ಓದಲು ಸೊಗಸಾಗಿಯೇ ಇರುತ್ತದೆ. ದಿನಾಂಕ, ಶುಲ್ಕ, ಸ್ಪರ್ಧೆಯ ಹೆಸರು, ಅರ್ಹತೆ ಇವುಗಳನ್ನು ಮೂಲಪತ್ರದಲ್ಲಿ ಇನ್ನೊಮ್ಮೆ ನೋಡಿಯೇ ನಂಬಬೇಕು. ಎರಡು ಲಿಪಿ ಬಲ್ಲ ಮಕ್ಕಳು ಮನೆಯಲ್ಲಿದ್ದರೆ ಮೂಲವನ್ನೂ ಅನುವಾದವನ್ನೂ ಪಕ್ಕಪಕ್ಕದಲ್ಲಿಟ್ಟು ತಪ್ಪು ಹುಡುಕುವ ಕೆಲಸ ಕೊಡಬಹುದು. ನಮ್ಮ ಅನುಭವದಲ್ಲಿ ಮಕ್ಕಳು ಇದನ್ನು ಆಟದಂತೆ ಸ್ವೀಕರಿಸುತ್ತಾರೆ.

ಬೆರಳಚ್ಚಿನ ಪ್ರಶ್ನೆ

ಕನ್ನಡ ಲಿಪಿ ಯೂನಿಕೋಡ್ ಸಂಕೇತಪದ್ಧತಿಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಇದೆ. ಹಾಗಿದ್ದರೂ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ ಟಿಪ್ಪಣಿಗಳು, ಪ್ರಶ್ನೆಪತ್ರಿಕೆಗಳು ಶಾಲೆಗಳಲ್ಲಿ ಇನ್ನೂ ಓಡಾಡುತ್ತಿವೆ. ಅವು ಒಂದು ಗಣಕದಲ್ಲಿ ಕನ್ನಡವಾಗಿ ಕಾಣುತ್ತವೆ, ಆ ಅಕ್ಷರವಿನ್ಯಾಸವಿಲ್ಲದ ಇನ್ನೊಂದರಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗುತ್ತವೆ. ಮೊಬೈಲಿನಲ್ಲಿ ಓದಲಾಗದು, ಹುಡುಕಿದರೆ ಸಿಗದು, ಕುರುಡು ಮಕ್ಕಳಿಗೆ ಓದಿ ಹೇಳುವ ತಂತ್ರಾಂಶ ಅದನ್ನು ಓದಲಾರದು. ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಉಚಿತ ಸಾಧನಗಳಿವೆ. ಶಾಲೆಯ ಹತ್ತು ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಪರಿವರ್ತಿಸಿ ಇಡುವುದು ಪ್ರೌಢಶಾಲೆಯ ಮಕ್ಕಳ ಒಂದು ರಜೆಯ ಕೆಲಸ.

ಕೀಲಿಮಣೆಯ ಆಯ್ಕೆಯಲ್ಲಿ ನಮ್ಮ ಒಲವನ್ನು ಸ್ಪಷ್ಟವಾಗಿ ಹೇಳುತ್ತೇವೆ. ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ ಕನ್ನಡಕ್ಕೆ ಅತ್ಯಂತ ಸಹಜವಾದುದು. ನುಡಿ ತಂತ್ರಾಂಶದ ಬೆನ್ನೆಲುಬೂ ಅದೇ. ಕರ್ನಾಟಕದೊಳಗಿನ ಮಗುವಿಗೆ ಅದನ್ನೇ ಸೂಚಿಸುತ್ತಿದ್ದೆವು. ಗಡಿನಾಡಿನ ಮಗುವಿಗಾದರೆ ಇನ್‌ಸ್ಕ್ರಿಪ್ಟ್ ವಿನ್ಯಾಸ ಹೆಚ್ಚು ಲಾಭದಾಯಕ. ಇದರಲ್ಲಿ ಭಾರತದ ಲಿಪಿಗಳೆಲ್ಲ ಒಂದೇ ಕೀಲಿವ್ಯವಸ್ಥೆಯನ್ನು ಹಂಚಿಕೊಳ್ಳುತ್ತವೆ. ಇಂಗ್ಲಿಷಿನ ‘ಕೆ’ ಇರುವ ಕೀಲಿಯಲ್ಲಿ ಕ, ‘ಎಚ್’ ಇರುವಲ್ಲಿ ಪ, ‘ಎಲ್’ ಇರುವಲ್ಲಿ ತ, ‘ಜೆ’ ಇರುವಲ್ಲಿ ರ. ಕನ್ನಡಕ್ಕೂ ಹೀಗೆಯೇ, ಮಲಯಾಳಕ್ಕೂ ತೆಲುಗಿಗೂ ಮರಾಠಿಗೂ ಹೀಗೆಯೇ. ಕನ್ನಡದಲ್ಲಿ ಬೆರಳು ಪಳಗಿದ ಮಗು ರಾಜ್ಯಭಾಷೆಯ ಬೆರಳಚ್ಚನ್ನು ಹೊಸದಾಗಿ ಕಲಿಯಬೇಕಾಗಿಲ್ಲ. ಮೊದಲಿಗೆ ಎರಡು ವಾರ ಬೇಸರವಾಗಬಹುದು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುವ ಅಭ್ಯಾಸ ಬಲವಾಗುವ ಮೊದಲು, ಐದು–ಆರನೇ ತರಗತಿಯಲ್ಲಿಯೇ ಇದನ್ನು ಆರಂಭಿಸುವುದು ಮೇಲು.

ಕನ್ನಡದಲ್ಲಿ ದೊರೆಯುವ ಸಾಮಗ್ರಿ

ಪುಣೆಯ ಬಾಲಭಾರತಿ ಸಂಸ್ಥೆ 1967ರಿಂದ ಮಹಾರಾಷ್ಟ್ರದ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತಿದೆ. ಅದರ ಇ–ಬಾಲಭಾರತಿ ತಾಣದಲ್ಲಿ ಕನ್ನಡ ಮಾಧ್ಯಮದ ಪುಸ್ತಕಗಳ ಪ್ರತಿಗಳೂ ಉಚಿತವಾಗಿ ದೊರೆಯುತ್ತವೆ. ಪುಸ್ತಕ ಕೈಗೆ ಬರುವುದು ತಡವಾದ ವರ್ಷ ಇದೇ ಆಧಾರ. ಕೇಂದ್ರ ಸರ್ಕಾರದ ದೀಕ್ಷಾ ವೇದಿಕೆ 2017ರ ಸೆಪ್ಟೆಂಬರ್ 5ರಂದು ಆರಂಭವಾಯಿತು. ಅದನ್ನು ತೆರೆದಾಗ ಮಂಡಳಿ, ಮಾಧ್ಯಮ, ತರಗತಿ ಎಂಬ ಮೂರನ್ನೂ ಪ್ರತ್ಯೇಕವಾಗಿ ಕೇಳುತ್ತದೆ. ಮಾಧ್ಯಮ ಕನ್ನಡ ಎಂದು ಕಂಡೊಡನೆ ಮಂಡಳಿಯನ್ನೂ ಕರ್ನಾಟಕವೆಂದೇ ಒತ್ತಿಬಿಡುವ ಹೆತ್ತವರಿದ್ದಾರೆ. ಆಗ ಬರುವ ಪಾಠಗಳು ಕರ್ನಾಟಕದ ಅಧ್ಯಾಯಕ್ರಮದವು. ಪೂರಕ ಓದಿಗೆ ಅವು ಚೆನ್ನಾಗಿಯೇ ಇವೆ, ಪರೀಕ್ಷೆಯ ಸಿದ್ಧತೆಗೆ ಅವನ್ನೇ ನೆಚ್ಚುವಂತಿಲ್ಲ.

ಪಠ್ಯಕ್ರಮದ ಹಂಗಿಲ್ಲದ ಸಾಮಗ್ರಿಯೇ ಗಡಿನಾಡಿಗೆ ಹೆಚ್ಚು ಹೊಂದುತ್ತದೆ. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳು ಓದಿನ ಮಟ್ಟಕ್ಕೆ ಅನುಗುಣವಾಗಿ ವಿಂಗಡಣೆಗೊಂಡಿವೆ. ಅವುಗಳನ್ನು ಇಳಿಸಿಕೊಳ್ಳಲು, ಮುದ್ರಿಸಲು, ಅನುವಾದಿಸಲು ಮುಕ್ತ ಪರವಾನಗಿಯಿದೆ. ಒಂದೇ ಕಥೆಯನ್ನು ಕನ್ನಡದಲ್ಲಿ ಮತ್ತು ರಾಜ್ಯಭಾಷೆಯಲ್ಲಿ ಅಕ್ಕಪಕ್ಕ ಇಟ್ಟು ಓದಿಸುವುದು ಎರಡೂ ಭಾಷೆಗಳಿಗೆ ಒಳಿತು. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ವಿಜ್ಞಾನ ಮಾದರಿಗಳಲ್ಲಿ ಹಲವು ಕನ್ನಡಕ್ಕೆ ಅನುವಾದಗೊಂಡಿವೆ. ವಿದ್ಯುನ್ಮಂಡಲ ಜೋಡಿಸುವುದು, ಭಿನ್ನರಾಶಿ ಹೋಲಿಸುವುದು ಮೊದಲಾದವನ್ನು ಮಗು ತಾನೇ ಮಾಡಿ ನೋಡಬಹುದು. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ. ತಾಳವಾಡಿಯ ಬೆಟ್ಟದ ಬದಿಯ ಊರುಗಳಲ್ಲಿ, ವಯನಾಡಿನ ಒಳಭಾಗಗಳಲ್ಲಿ ಇದು ಸಣ್ಣ ಮಾತಲ್ಲ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ನಡೆಸುವ ಭಾರತವಾಣಿಯಲ್ಲಿ ನಿಘಂಟುಗಳಿವೆ, ಕಣಜ ತಾಣದಲ್ಲಿ ಕನ್ನಡದ ಜ್ಞಾನಸಾಮಗ್ರಿ ಇದೆ.

ಹೆಮ್ಮೆಯ ಸಂದೇಶವನ್ನು ಪರೀಕ್ಷಿಸುವ ಪಾಠ

ಮಾಧ್ಯಮ ಸಾಕ್ಷರತೆ ಕೇರಳದ ಶಾಲೆಗಳಿಗೆ ಹೊಸತಲ್ಲ. ‘ಸತ್ಯಮೇವ ಜಯತೇ’ ಎಂಬ ಹೆಸರಿನಲ್ಲಿ ಕೈಟ್ ಸಂಸ್ಥೆ 2022ರಲ್ಲಿ 5ರಿಂದ 10ನೇ ತರಗತಿಯವರೆಗಿನ ಮಕ್ಕಳಿಗೆ ತರಬೇತಿ ನಡೆಸಿತು. 2024ರಲ್ಲಿ ಬಂದ 5 ಮತ್ತು 7ನೇ ತರಗತಿಗಳ ಹೊಸ ಐಸಿಟಿ ಪಠ್ಯಗಳಲ್ಲಿ ಸುಳ್ಳು ಸುದ್ದಿಯನ್ನು ಗುರುತಿಸುವ ಭಾಗವಿದೆ, 7ನೆಯದರಲ್ಲಿ ಕೃತಕ ಬುದ್ಧಿಮತ್ತೆಯ ಅಧ್ಯಾಯವೂ ಇದೆ. ಪಠ್ಯದಲ್ಲಿ ಬಂದುದು ತರಗತಿಯಲ್ಲಿ ಜೀವಂತವಾಗಬೇಕಾದರೆ ಉದಾಹರಣೆ ಮಕ್ಕಳ ಮನೆಯ ಮೊಬೈಲಿನಿಂದಲೇ ಬರಬೇಕು. ಎದುರಾಳಿಯ ಸುಳ್ಳನ್ನು ಬಯಲಿಗೆಳೆಯುವುದು ಸುಲಭ. ನಾವು ಇಷ್ಟಪಡುವ ಮಾತನ್ನು ಪರೀಕ್ಷೆಗೆ ಒಡ್ಡುವುದು ಕಷ್ಟ, ಕಲಿಕೆ ಅಲ್ಲಿಯೇ ಇದೆ.

ನವೆಂಬರ್ ತಿಂಗಳು ಬಂತೆಂದರೆ ಕನ್ನಡದ ಹಿರಿಮೆಯನ್ನು ಸಾರುವ ಸಂದೇಶವೊಂದು ವಾಟ್ಸಾಪಿನಲ್ಲಿ ಹರಿದಾಡುತ್ತದೆ. ಕನ್ನಡವು ತಾರ್ಕಿಕವಾಗಿ ಶೇಕಡಾ 99.99ರಷ್ಟು ಪರಿಪೂರ್ಣ ಭಾಷೆ ಎಂಬುದು ಅದರ ಒಂದು ಸಾಲು. ವಿದೇಶೀಯರೊಬ್ಬರು ನಿಘಂಟು ರಚಿಸಿದ ಏಕೈಕ ಭಾರತೀಯ ಭಾಷೆ ಕನ್ನಡ ಎಂಬುದು ಇನ್ನೊಂದು. ಎಂಟನೇ ತರಗತಿಯ ಒಂದು ಅವಧಿಗೆ ಇಷ್ಟು ಸಾಕು.

ಮೊದಲನೆಯ ಮಾತನ್ನು ಪರೀಕ್ಷಿಸುವುದಾದರೂ ಹೇಗೆ? ಒಂದು ಭಾಷೆಯ ಪರಿಪೂರ್ಣತೆಯನ್ನು ಅಳೆಯುವ ಮಾನದಂಡ ಯಾವುದು, ಅಳೆದವರು ಯಾರು, ಉಳಿದ 0.01 ಎಲ್ಲಿ ಹೋಯಿತು ಎಂದು ಮಕ್ಕಳನ್ನು ಕೇಳಿದರೆ ತರಗತಿಯಲ್ಲಿ ನಗು ಏಳುತ್ತದೆ. ಅಳತೆಯೇ ಇಲ್ಲದ ಕಡೆ ದಶಾಂಶವಿರುವ ಸಂಖ್ಯೆ ಇದ್ದರೆ ಅದು ಅಲಂಕಾರ ಎಂಬ ಪಾಠ ಅಲ್ಲಿಗೆ ಮನಸ್ಸಿನಲ್ಲಿ ನಿಲ್ಲುತ್ತದೆ.

ಎರಡನೆಯ ಮಾತನ್ನು ಪರೀಕ್ಷಿಸಬಹುದು, ಅದಕ್ಕೆ ಬೇಕಾದ ಸಾಕ್ಷ್ಯ ನಮ್ಮ ನೆರೆಯಲ್ಲಿಯೇ ಇದೆ. ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದಿತು. ಅದಕ್ಕೆ 22 ವರ್ಷ ಮೊದಲೇ, 1872ರಲ್ಲಿ, ಅದೇ ಮಿಶನ್ನಿನ ಹರ್ಮನ್ ಗುಂಡರ್ಟ್ ಅವರ ಮಲಯಾಳ–ಇಂಗ್ಲಿಷ್ ನಿಘಂಟು ಅದೇ ಮಂಗಳೂರಿನಿಂದ ಪ್ರಕಟವಾಗಿತ್ತು. 1886ರಲ್ಲಿ ಮ್ಯಾನರ್ ಅವರ ತುಳು–ಇಂಗ್ಲಿಷ್ ನಿಘಂಟು ಬಂದಿತು, ಅದೂ ಮಂಗಳೂರಿನಿಂದಲೇ. ಮೋಲ್ಸ್‌ವರ್ತ್ ಅವರ ಮರಾಠಿ ನಿಘಂಟು 1831ರದು, ಬ್ರೌನ್ ಅವರ ತೆಲುಗು ನಿಘಂಟು 1852ರದು, ವಿನ್‌ಸ್ಲೋ ಅವರ ತಮಿಳು ನಿಘಂಟು 1862ರದು. ಕನ್ನಡದಲ್ಲಿಯೂ ಕಿಟೆಲ್ ಮೊದಲಿಗರಲ್ಲ, ವಿಲಿಯಂ ರೀವ್ ಅವರ ನಿಘಂಟು 1832ರಲ್ಲಿಯೇ ಬಂದಿದೆ. ಗಡಿನಾಡಿನ ಯಾವ ನೆರೆಭಾಷೆಯನ್ನು ತೆಗೆದುಕೊಂಡರೂ ಹೇಳಿಕೆ ಬಿದ್ದುಹೋಗುತ್ತದೆ. ಈ ಹಳೆಯ ಗ್ರಂಥಗಳ ಮುಖಪುಟಗಳನ್ನು ಇಂಟರ್ನೆಟ್ ಆರ್ಕೈವ್‌ನಲ್ಲಿ ತೆರೆದು ತೋರಿಸಬಹುದು. ಇಸವಿಯನ್ನು ಮಕ್ಕಳು ತಾವೇ ಓದಲಿ. ಯಾರೋ ಬರೆದುದನ್ನು ಇನ್ಯಾರೋ ಬರೆದುದರಿಂದ ಅಲ್ಲಗಳೆಯುವುದಕ್ಕಿಂತ ಮೂಲದ ಪುಟವನ್ನು ಕಣ್ಣಾರೆ ಕಾಣುವುದು ಬೇರೆಯೇ ತೂಕದ ಅನುಭವ.

ಇಂಥ ಪಾಠದಿಂದ ಮಕ್ಕಳಲ್ಲಿ ಭಾಷಾಭಿಮಾನ ಕುಗ್ಗುತ್ತದೆ ಎಂದು ಅಂಜುವವರಿದ್ದಾರೆ. ಮಲಯಾಳ, ಮರಾಠಿ, ತಮಿಳು ಸಹಪಾಠಿಗಳ ನಡುವೆ ಬೆಳೆಯುವ ಮಗು ಸುಳ್ಳು ಹೆಮ್ಮೆಯ ಮಾತನ್ನಾಡಿ ನಗೆಗೀಡಾದರೆ ಅಭಿಮಾನ ಇನ್ನಷ್ಟು ಕುಗ್ಗೀತು. ಸುಮಾರು 450ರ ಹಲ್ಮಿಡಿ ಶಾಸನ, ಒಂಬತ್ತನೆಯ ಶತಮಾನದ ಕವಿರಾಜಮಾರ್ಗ, 1843ರಲ್ಲಿ ಹರ್ಮನ್ ಮೊಗ್ಲಿಂಗ್ ಹೊರಡಿಸಿದ ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ ಇವು ನಿಂತ ನೆಲ ಗಟ್ಟಿಯಾದುದು. ಉಬ್ಬಿಸುವ ಅಗತ್ಯ ಅವಕ್ಕಿಲ್ಲ.

ಚಿತ್ರಗಳ ವಿಷಯ ಇದಕ್ಕಿಂತ ಸುಲಭ. ಪ್ರವಾಹದ ಹಳೆಯ ಚಿತ್ರವನ್ನು ಇಂದಿನದೆಂದು ಹಂಚುವುದು ಪ್ರತಿ ಮಳೆಗಾಲದ ಪದ್ಧತಿ. ಗೂಗಲ್ ಲೆನ್ಸ್ ಅಥವಾ ಟಿನ್‌ಐಗೆ ಚಿತ್ರವನ್ನೇ ಕೊಟ್ಟು ಹುಡುಕಿದರೆ ಅದು ಮೊದಲು ಎಲ್ಲಿ ಕಾಣಿಸಿಕೊಂಡಿತ್ತೆಂಬುದು ಬಹಳ ಸಲ ತಿಳಿಯುತ್ತದೆ. ಹಿನ್ನೆಲೆಯ ಅಂಗಡಿಯ ಫಲಕ ಯಾವ ಲಿಪಿಯಲ್ಲಿದೆ, ಬಸ್ಸಿನ ಬಣ್ಣ ಯಾವ ರಾಜ್ಯದ್ದು, ವಾಹನದ ನೋಂದಣಿ ಸಂಖ್ಯೆ ಹೇಗೆ ಆರಂಭವಾಗುತ್ತದೆ ಎಂಬುದನ್ನು ಗಮನಿಸುವುದರಲ್ಲಿ ನಾಲ್ಕಾರು ಲಿಪಿಗಳ ನಡುವೆ ಬೆಳೆದ ಗಡಿನಾಡಿನ ಮಕ್ಕಳು ಇತರರಿಗಿಂತ ಮುಂದಿರುತ್ತಾರೆ. ವಾಟ್ಸಾಪಿನಲ್ಲಿ ಎರಡು ಬಾಣಗಳ ಗುರುತು ಇದ್ದರೆ ಆ ಸಂದೇಶ ಹಲವು ಬಾರಿ ಕೈದಾಟಿ ಬಂದದ್ದು. ಅಂಥದನ್ನು ಒಂದು ಬಾರಿಗೆ ಒಂದೇ ಕಡೆಗೆ ಕಳುಹಿಸಬಹುದೆಂಬ ಮಿತಿ 2020ರ ಏಪ್ರಿಲ್‌ನಿಂದ ಇದೆ. ಗುರುತು ಸುಳ್ಳಿನ ಸಾಕ್ಷಿಯಲ್ಲ, ನಿಧಾನಿಸಿ ಎಂಬ ಸೂಚನೆ.

ಎಲ್ಲಿ ವಿಚಾರಿಸಬೇಕು ಎಂಬುದರಲ್ಲಿಯೂ ಗಡಿಯ ಲೆಕ್ಕವಿದೆ. ಪಿಐಬಿ ಫ್ಯಾಕ್ಟ್ ಚೆಕ್ ಪರಿಶೀಲಿಸುವುದು ಕೇಂದ್ರ ಸರ್ಕಾರಕ್ಕೆ ಸಂಬಂಧಿಸಿದ ಮಾತುಗಳನ್ನು ಮಾತ್ರ. ಶಾಲಾ ರಜೆಯ ಪ್ರಶ್ನೆಗೆ ಅಲ್ಲಿ ಉತ್ತರ ಸಿಗದು. ರಜೆಗೆ ಆಯಾ ಜಿಲ್ಲೆಯ ಕಲೆಕ್ಟರರ ಅಧಿಕೃತ ಪುಟ, ಪರೀಕ್ಷೆಗೆ ಆಯಾ ರಾಜ್ಯದ ಪರೀಕ್ಷಾ ಇಲಾಖೆಯ ತಾಣ, ಪಠ್ಯಕ್ಕೆ ಆಯಾ ರಾಜ್ಯದ ಶೈಕ್ಷಣಿಕ ಸಂಶೋಧನಾ ಮಂಡಳಿ. ಇವೆಲ್ಲ ಹೆಚ್ಚಾಗಿ ರಾಜ್ಯಭಾಷೆಯಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುತ್ತವೆ. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಸೂಚನೆಗಳು ಕನ್ನಡದಲ್ಲಿ ಸಕಾಲಕ್ಕೆ ಬಂದರೆ ಮಂಗಳೂರಿನ ರಜೆ ಮಂಜೇಶ್ವರಕ್ಕೆ ಬರುವುದು ಎಷ್ಟೋ ಕಡಿಮೆಯಾಗುತ್ತಿತ್ತು. ಈ ಕೊರತೆಯನ್ನು ರಕ್ಷಕ–ಶಿಕ್ಷಕ ಸಂಘಗಳು ಬರವಣಿಗೆಯಲ್ಲಿ ಉಪಜಿಲ್ಲಾ ಶಿಕ್ಷಣಾಧಿಕಾರಿಗಳ ಗಮನಕ್ಕೆ ತರಬೇಕು. ಬಾಯಿಮಾತಿನ ದೂರಿಗೆ ಕಡತವಿರುವುದಿಲ್ಲ.

ಬರೆಯುವ ಮಕ್ಕಳು

ಕೃತಕ ಬುದ್ಧಿಮತ್ತೆಯ ಸಂವಾದ ಯಂತ್ರಗಳು ಈಗ ಕನ್ನಡದಲ್ಲಿ ಪ್ರಬಂಧ ಬರೆದುಕೊಡುತ್ತವೆ. ಭಾಷೆ ಸುಲಲಿತವಾಗಿರುತ್ತದೆ. ಆದರೆ ಸಣ್ಣ ಊರಿನ ಬಗ್ಗೆ, ಸ್ಥಳೀಯ ಕವಿಯ ಬಗ್ಗೆ ಕೇಳಿದಾಗ ಇಲ್ಲದ ಇಸವಿ, ಇಲ್ಲದ ಕೃತಿಯ ಹೆಸರುಗಳನ್ನು ಹೊಂದಿಸಿಬಿಡುವುದುಂಟು. ಗಡಿನಾಡಿನ ಬಗ್ಗೆ ಅಂತರ್ಜಾಲದಲ್ಲಿ ಕನ್ನಡದ ಬರಹವೇ ಕಡಿಮೆಯಿರುವಾಗ ಯಂತ್ರ ತಾನೇ ಎಲ್ಲಿಂದ ತಿಳಿದೀತು? ಯಂತ್ರದ ಉತ್ತರವನ್ನು ಮಕ್ಕಳ ಮುಂದಿಟ್ಟು, ಊರಿನ ಹಿರಿಯರನ್ನು ವಿಚಾರಿಸಿ ತಪ್ಪುಗಳಿಗೆ ಕೆಂಪು ಗೆರೆ ಎಳೆಯಿಸುವುದು ನಮಗೆ ಕಂಡ ಉತ್ತಮ ಅಭ್ಯಾಸ.

ಕೊರತೆಯನ್ನು ತುಂಬುವ ಕೆಲಸವನ್ನೂ ಶಾಲೆಯಲ್ಲಿಯೇ ಆರಂಭಿಸಬಹುದು. ಕನ್ನಡ ವಿಕಿಪೀಡಿಯ 2003ರಿಂದ, ತುಳು ವಿಕಿಪೀಡಿಯ 2016ರಿಂದ ಇವೆ. ಆಧಾರವಿಲ್ಲದ ವಾಕ್ಯ ಅಲ್ಲಿ ಉಳಿಯುವುದಿಲ್ಲವಾದ್ದರಿಂದ, ಊರಿನ ಬಗ್ಗೆ ನಾಲ್ಕು ಸಾಲು ಬರೆಯಲು ಹೊರಟ ಮಗುವಿಗೆ ಆಧಾರ ಎಂದರೇನೆಂಬುದು ತಾನಾಗಿ ತಿಳಿಯುತ್ತದೆ. ವಿಕಿಸೋರ್ಸ್‌ನಲ್ಲಿ ಇನ್ನೊಂದು ಅವಕಾಶವಿದೆ. ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈ ಅವರು ನಿಧನರಾದುದು 1963ರ ಸೆಪ್ಟೆಂಬರ್ 6ರಂದು. ಭಾರತದ ಹಕ್ಕುಸ್ವಾಮ್ಯ ಕಾಯ್ದೆಯಂತೆ ಲೇಖಕರ ನಿಧನದ ಮುಂದಿನ ವರ್ಷದಿಂದ 60 ವರ್ಷ ಕಳೆದಾಗ ಅವರ ಜೀವಿತಾವಧಿಯಲ್ಲಿ ಪ್ರಕಟವಾದ ಕೃತಿಗಳು ಸಾರ್ವಜನಿಕವಾಗುತ್ತವೆ. ಅದರಂತೆ ಪೈಗಳ ಆ ಕೃತಿಗಳು 2024ರ ಜನವರಿ 1ರಿಂದ ಮುಕ್ತವಾಗಿವೆ. ಹಳೆಯ ಮುದ್ರಣಗಳನ್ನು ಸ್ಕ್ಯಾನ್ ಮಾಡಿ, ಪುಟಕ್ಕೊಬ್ಬರಂತೆ ಬೆರಳಚ್ಚಿಸಿ, ಇನ್ನೊಬ್ಬರು ತಿದ್ದಿ ಸೇರಿಸುವ ಕೆಲಸವನ್ನು ಅವರ ಊರಿನ ಮಕ್ಕಳೇ ಮಾಡಬಹುದು. ಅವರ ನಿಧನಾನಂತರ ಮೊದಲ ಬಾರಿಗೆ ಅಚ್ಚಾದ ಬರಹಗಳಿಗೂ, ಇತ್ತೀಚಿನ ಸಂಪಾದಕರ ಮುನ್ನುಡಿ–ಟಿಪ್ಪಣಿಗಳಿಗೂ ಈ ಮುಕ್ತತೆ ಅನ್ವಯಿಸುವುದಿಲ್ಲ ಎಂಬುದನ್ನು ಅಧ್ಯಾಪಕರು ಗಮನದಲ್ಲಿಡಬೇಕು.

ಮನೆಯ ಮೊಬೈಲು

ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಹೆತ್ತವರ ಸಂಖ್ಯೆ ಇರಲಿ, ಮಗುವಿನದಲ್ಲ. ವಾಟ್ಸಾಪ್ ಬಳಸಲು ಕನಿಷ್ಠ 13 ವರ್ಷವಾಗಿರಬೇಕೆಂಬುದು ಆ ಸಂಸ್ಥೆಯದೇ ನಿಯಮ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರನ್ನು ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿಯನ್ನು ಬಳಸಲು ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಉಚಿತ ಕಲಿಕಾ ಆ್ಯಪ್ ಎಂದು ಬಂದದ್ದು ಮಗುವಿನ ಹೆಸರು, ಜನ್ಮದಿನ, ಶಾಲೆ, ಭಾವಚಿತ್ರ ಕೇಳಿದರೆ ಏಕೆಂದು ಕೇಳುವ ಹಕ್ಕು ಮನೆಯವರಿಗಿದೆ. ವಿದ್ಯಾರ್ಥಿವೇತನದ ಹೆಸರಿನಲ್ಲಿ ಬರುವ ಕೊಂಡಿಯನ್ನು ಒತ್ತುವ ಮೊದಲು ಶಾಲೆಯ ಕಚೇರಿಯಲ್ಲಿ ವಿಚಾರಿಸಬೇಕು. ಒಟಿಪಿಯನ್ನು ಯಾರು ಕೇಳಿದರೂ ಹೇಳಬಾರದು. ಹಣ ಹೋಯಿತೆಂದು ತಿಳಿದ ಕೂಡಲೇ 1930 ಸಂಖ್ಯೆಗೆ, ಮಗುವಿಗೆ ಯಾರಿಂದಲಾದರೂ ಕಿರುಕುಳವಾಗುತ್ತಿದ್ದರೆ 1098ಕ್ಕೆ ಕರೆ ಮಾಡಬಹುದು. ಎರಡೂ ಸಂಖ್ಯೆಗಳು ಎಲ್ಲ ರಾಜ್ಯಗಳಲ್ಲಿಯೂ ಒಂದೇ.